ಅಪ್‌ಡೇಟ್: ಅಮ್ಮನೊಂದಿಗೆ ರವೆಲ್ಲೋಗೆ ಹೋಗಿಬಂದೆವು

ಮಂಡಿನೋವಿರುವ ಅಮ್ಮನನ್ನು ಇಟಲಿಯ ಅಮಾಲ್ಫಿಯಿಂದ ಬೆಟ್ಟದ ಮೇಲಿನ ರವೆಲ್ಲೋಗೆ ಕರೆದೊಯ್ಯಬಹುದೇ ಎಂದು ಹಿಂದೆ ಕೇಳಿದ್ದೆ. ಮೆಟ್ಟಿಲು ಬೇಡ, ಬಸ್ಸು ಹಿಡಿಯಿರಿ ಎಂದವರಿಗೆಲ್ಲ ಕೃತಜ್ಞತೆಗಳು. ಸುಮಾರು 350 ಮೀಟರ್ ಎತ್ತರದ ಆ ಊರಿಗೆ ಬಸ್ಸು ಅರ್ಧ ಗಂಟೆಯಲ್ಲಿ ತಲುಪಿಸಿತಾದರೂ, ತಿರುವುಗಳುದ್ದಕ್ಕೂ ಅಮ್ಮ ಕಣ್ಣು ಮುಚ್ಚಿಕೊಂಡೇ ಕುಳಿತಿದ್ದರು. 1880ರಲ್ಲಿ ಸಂಗೀತಗಾರ ವಾಗ್ನರ್ ತಮ್ಮ ‘ಪಾರ್ಸಿಫಾಲ್’ ಗೀತನಾಟಕದ ಮಾಯಾತೋಟವನ್ನು ಕಂಡುಕೊಂಡ ವಿಲ್ಲಾ ರುಫೋಲೋದ ಉದ್ಯಾನಕ್ಕಿಂತಲೂ ಅಮ್ಮನಿಗೆ ಹಿಡಿಸಿದ್ದು ಕೆಥೆಡ್ರಲ್‌ನಲ್ಲಿರುವ 1272ರ ಅಮೃತಶಿಲೆಯ ಪ್ರವಚನಪೀಠ: ಮೊಸಾಯಿಕ್ ಕೂರಿಸಿದ ಆರು ತಿರುಚುಗಂಬಗಳು, ಪ್ರತಿಯೊಂದರ ಬುಡದಲ್ಲೂ ಒಂದು ಸಿಂಹ. “ನಮ್ಮ ದೇವಸ್ಥಾನದ ಕಂಬಗಳ ಹಾಗೇ ಇದೆಯಲ್ಲೋ” ಎಂದರು. ಆದರೆ ಊರಿನ ಇನ್ನೊಂದು ಉದ್ಯಾನಬಂಗಲೆಯಾದ ವಿಲ್ಲಾ ಚಿಂಬ್ರೋನೆಯ ದಾರಿಯಲ್ಲಿ ಮೆಟ್ಟಿಲುಗಳಿವೆ (ಇದನ್ನು ಯಾರೂ ಹೇಳಿರಲಿಲ್ಲ). ಹಾಗಾಗಿ ಅಮ್ಮನನ್ನು ಚೌಕದ ಬೆಂಚಿನ ಮೇಲೆ ಕೂರಿಸಿ, ಅಲ್ಲಿಗೆ ನಾನೊಬ್ಬನೇ ಹೋಗಿಬಂದೆ.