ನನಗೂ ಮೋಸ ಹೋಗುವ ಅವಕಾಶ ಬೇಡವೇ?

ಡೊಂಬಿವಲಿಯ ನಿವೃತ್ತ:
ರೈಲ್ವೆಯಲ್ಲಿ ಗುಮಾಸ್ತನಾಗಿದ್ದವನು ನಾನು. ಗ್ಲಾಕೋಮಾದಿಂದ ದೃಷ್ಟಿ ಹೋಗಿ ಆರು ವರ್ಷಗಳಾದವು. ಅಂದಿನಿಂದ ಸಿನಿಮಾ ಎಂದರೆ ಪಕ್ಕದಲ್ಲಿ ಕುಳಿತ ಮನೆಯವಳ ವರದಿ. ಅವಳದೊಂದು ದೋಷವಿದೆ: ಮೊದಲು ತಾನು ನಕ್ಕು ಮುಗಿಸುತ್ತಾಳೆ, ಕಾರಣ ಆಮೇಲೆ ಹೇಳುತ್ತಾಳೆ. ಅಷ್ಟರಲ್ಲಿ ಮುಂದಿನ ನಗೆಯೂ ಬಂದು ಹೋಗಿರುತ್ತದೆ.

ಕಳೆದ ಭಾನುವಾರ ಅಂತರ್ಜಾಲದ ವಾಹಿನಿಯೊಂದರಲ್ಲಿ 1934ರ ಹಾಲಿವುಡ್ ಚಿತ್ರ, ಕೊಲೆಗಾರನನ್ನು ಹುಡುಕುವ ಹಾಸ್ಯ ಪತ್ತೇದಾರಿ ‘ದಿ ಥಿನ್ ಮ್ಯಾನ್’ ಆಡಿಯೋ ವಿವರಣೆಯೊಂದಿಗೆ ಪ್ರಸಾರವಾಯಿತು. ಮಾತುಗಳ ನಡುವಿನ ಬಿಡುವಿನಲ್ಲಿ ಒಂದು ಹೆಣ್ಣು ದನಿ ತೆರೆಯ ಮೇಲಿನದನ್ನು ಹೇಳುತ್ತಾ ಹೋಗುತ್ತದೆ. ಕ್ರಿಸ್‌ಮಸ್ ದಿನ ನಾಯಕ ವಿಲಿಯಂ ಪೊವೆಲ್ ಸೋಫಾದಲ್ಲಿ ಮಲಗಿಕೊಂಡೇ ಗಾಳಿ ಬಂದೂಕಿನಿಂದ ಮರಕ್ಕೆ ಕಟ್ಟಿದ ಬಲೂನುಗಳನ್ನು ಒಡೆಯುತ್ತಾನೆ. ಬರೀ ಸದ್ದು ಕೇಳಿದ್ದರೆ ಇನ್ನೊಂದು ಕೊಲೆಯಾಯಿತು ಎಂದುಕೊಳ್ಳುತ್ತಿದ್ದೆ. ಆರು ವರ್ಷಗಳಲ್ಲಿ ಮೊದಲ ಸಲ ನಾವಿಬ್ಬರೂ ಒಟ್ಟಿಗೆ ನಕ್ಕೆವು.

ತಕರಾರು ಕೊನೆಯಲ್ಲಿ. ಶಂಕಿತರನ್ನೆಲ್ಲ ಊಟಕ್ಕೆ ಕರೆದು ಕೂರಿಸುತ್ತಾರೆ. ಬಡಿಸುವುದು ವೇಷ ಮರೆಸಿದ ಪೊಲೀಸರು. ಅಷ್ಟು ಜನರಲ್ಲಿ ಆ ದನಿ ಒಬ್ಬರ ಮುಖಭಾವವನ್ನು ಮಾತ್ರ ಹೇಳಿತು. ಯಾರದೆಂದು ಹೇಳುವುದಿಲ್ಲ, ನೋಡದವರು ಇರಬಹುದು. ನನ್ನ ಅನುಮಾನ ಅಲ್ಲೇ ಗಟ್ಟಿಯಾಯಿತು. ಮನೆಯವಳನ್ನು ಕೇಳಿದರೆ, ಅವಳು ಆ ಹೊತ್ತಿಗೆ ನಾಯಕಿ ಮರ್ನಾ ಲಾಯ್ ತೊಟ್ಟ ಉಡುಪನ್ನು ನೋಡುತ್ತಿದ್ದಳಂತೆ! ಕಣ್ಣಿರುವವರಿಗೆ ಮೋಸ ಹೋಗುವ ಸುಖವಿದೆ, ನನಗೇಕಿಲ್ಲ? ಎಷ್ಟು ಹೇಳಬೇಕೆಂಬುದನ್ನು ವಿವರಣೆ ಬರೆಯುವವರು ಹೇಗೆ ನಿರ್ಧರಿಸುತ್ತಾರೆ?

ಪುಣೆಯ ಬರಹಗಾರ್ತಿ:
ಸರ್, ಹಿಂದಿ, ಮರಾಠಿ ಚಿತ್ರಗಳಿಗೆ ವಿವರಣೆ ಬರೆಯುವುದು ನನ್ನ ಕೆಲಸ. ಕಂಡದ್ದನ್ನು ಹೇಳು, ಅರ್ಥ ಹೇಳಬೇಡ ಎಂಬುದು ನಮ್ಮ ಮೊದಲ ಪಾಠ. ಆಗಂತುಕ ಯಾರೆಂದು ನನಗೆ ಗೊತ್ತಿದ್ದರೂ ಮುಖ ಕಾಣುವವರೆಗೆ ಅವನು ‘ಹ್ಯಾಟ್ ಧರಿಸಿದ ವ್ಯಕ್ತಿ’ಯೇ. ಕ್ಯಾಮೆರಾ ಒಬ್ಬರ ಮುಖದ ಹತ್ತಿರ ಹೋಗಿದ್ದರೆ ಬೆರಳು ತೋರಿಸಿದವನು ನಿರ್ದೇಶಕ, ನಾವು ಹೇಳಲೇಬೇಕು. ಇಡೀ ಮೇಜು ಕಾಣುತ್ತಿದ್ದಾಗ ಒಬ್ಬರನ್ನೇ ಆರಿಸಿದ್ದರೆ ಅದು ಬರೆದವರ ತಪ್ಪು. ಆ ಚಿತ್ರದಲ್ಲಂತೂ ಮಾತು ಮಳೆಯಂತೆ ಸುರಿಯುತ್ತದೆ, ಸಿಗುವ ಬಿಡುವು ಎರಡು ಮೂರು ಸೆಕೆಂಡು.

ಕನ್ನಡದಲ್ಲಿ ಬರೆದರೆ ಇನ್ನೊಂದು ಪೇಚು. ಮರ್ನಾ ಲಾಯ್ ಮಾಡಿದ ನೋರಾ ಪಾತ್ರದ ಮೊದಲ ಪ್ರವೇಶವನ್ನೇ ನೋಡಿ: ನಾಯಿ ಎಳೆದ ರಭಸಕ್ಕೆ ಕೈಯಲ್ಲಿದ್ದ ಪೊಟ್ಟಣಗಳ ಸಮೇತ ನೆಲಕ್ಕೆ ಬೀಳುತ್ತಾಳೆ. ನಮ್ಮ ಕ್ರಿಯಾಪದ ಬರುವುದೇ ಕೊನೆಗೆ. ನಾನು ‘ಬೀಳುತ್ತಾಳೆ’ ಎನ್ನುವಷ್ಟರಲ್ಲಿ ಅವಳು ಎದ್ದು ನಿಂತಿರುತ್ತಾಳೆ.

ಮುಲುಂಡ್ ವಿದ್ಯಾರ್ಥಿನಿ:
ಕಾಕಾ, ನಾನು ಹುಟ್ಟಿನಿಂದಲೇ ಕಾಣದವಳು. ಬೇಸರ ಬೇಡ, ನಿಮ್ಮದು ಶ್ರೀಮಂತರ ದೂರು ಎನಿಸಿತು. ಹೆಚ್ಚು ಹೇಳಿದರೆಂದು ನೀವು ಕೊರಗುತ್ತಿದ್ದೀರಿ. ನಾನು ಹೋಗುವ ಚಿತ್ರಮಂದಿರದಲ್ಲಿ ಏನನ್ನೂ ಹೇಳುವುದಿಲ್ಲ. ಕೇಂದ್ರ ವಾರ್ತಾ ಮತ್ತು ಪ್ರಸಾರ ಸಚಿವಾಲಯ 2024ರ ಮಾರ್ಚ್‌ನಲ್ಲೇ ಚಿತ್ರಮಂದಿರಗಳಲ್ಲಿ ಇಂಥ ವಿವರಣೆಗೆ ಮಾರ್ಗಸೂಚಿ ಹೊರಡಿಸಿದೆ. ಟಿಕೆಟ್ ಕೊಡುವವರನ್ನು ಕೇಳಿದರೆ ‘ಅದೆಂಥದು?’ ಎನ್ನುತ್ತಾರೆ. ಮುಖಭಾವಗಳನ್ನು ನಾನು ಕಲಿತದ್ದೇ ಇಂಥ ವಿವರಣೆಗಳಿಂದ. ಇದೇ ಚಿತ್ರದ ಕೊನೆಗೆ ಬರುವ ರೈಲಿನ ದೃಶ್ಯದಲ್ಲಿ, ಮೇಲಿನ ಬರ್ತಿನಲ್ಲಿರುವ ನಾಯಿ ಆಸ್ಟಾ ಪಂಜದಿಂದ ಕಣ್ಣು ಮುಚ್ಚಿಕೊಳ್ಳುತ್ತದೆ ಎಂದಾಗ, ನಾಯಿಗೂ ನಾಚಿಕೆಯಾಗುತ್ತದೆಯೇ ಎಂದು ಅಮ್ಮನನ್ನು ಕೇಳಿದ್ದೆ. ಅದನ್ನೂ ಹೇಳದೆ ಬಿಟ್ಟಿದ್ದರೆ?

ಡೊಂಬಿವಲಿಯ ನಿವೃತ್ತ:
ಶ್ರೀಮಂತರ ದೂರು, ಒಪ್ಪಿದೆ ಮಗಳೇ. ಆ ಬರ್ತಿನ ದೃಶ್ಯಕ್ಕೆ ನಾನೂ ನಕ್ಕೆ; ಮೂವತ್ತು ವರ್ಷ ಬರ್ತುಗಳ ಲೆಕ್ಕ ಬರೆದವನಲ್ಲವೇ? ಊಟದ ಮೇಜಿನ ವಿಷಯದಲ್ಲಿ ಮಾತ್ರ ನನ್ನ ಹಟ ಬಿಡುವುದಿಲ್ಲ.

ಫೋನು ನಿಮ್ಮ ಉತ್ತರಗಳನ್ನು ಓದುತ್ತಿದ್ದಾಗ ಮನೆಯವಳೂ ಕೇಳಿಸಿಕೊಂಡಳು. 1936ರಲ್ಲಿ ಬಂದ ಮುಂದಿನ ಭಾಗಕ್ಕೆ ತಾನೇ ವಿವರಣೆ ಹೇಳುತ್ತಾಳಂತೆ. ನಗುವುದು ಆಮೇಲೆ, ಕ್ರಿಯಾಪದ ಮೊದಲು. ಅಡುಗೆಮನೆಯಲ್ಲಿ ಅಭ್ಯಾಸ ಈಗಲೇ ಶುರುವಾಗಿದೆ: ‘ಉಕ್ಕಿತು, ಹಾಲು!’