ಮಿಯಾಟಾಗೆ 5 ಎಂಎಂ ಸ್ಪೇಸರ್ ಹಾಕಿದ ಮೇಲೆ ಸ್ಟೇರಿಂಗ್ ನಡುಗುತ್ತಿದೆ

ಕೆಂಪು ಮಿಯಾಟಾ, ಸ್ಯಾನ್ ಹೋಸೆ:
ನನ್ನದು 1991ರ ಮಾಜ್ದಾ ಮಿಯಾಟಾ, 1.6 ಲೀಟರ್. ಕಂಪನಿಯ 14 ಇಂಚಿನ ಚಕ್ರಗಳೇ ಇವೆ. ಆದರೆ ಅವು ಫೆಂಡರ್ ಒಳಗೆ ಹೂತುಕೊಂಡ ಹಾಗೆ ಕಾಣುತ್ತವೆ. ಅದಕ್ಕೇ ಚಕ್ರವನ್ನು ಹೊರಕ್ಕೆ ತಳ್ಳುವ 5 ಎಂಎಂ ದಪ್ಪದ ಬಿಲ್ಲೆ, ಅಂದರೆ ಸ್ಪೇಸರ್, ತರಿಸಿ ಶನಿವಾರ ನಾನೇ ಹಾಕಿದೆ. ಸ್ಟಡ್ (ಚಕ್ರದ ನಟ್ ಕೂರುವ ಬೋಲ್ಟ್) ಮೇಲೆ ಬಿಲ್ಲೆ ತೂರಿಸಿ ನಟ್ ಬಿಗಿ ಮಾಡಿದ್ದು, ಅಷ್ಟೇ. ಈಗ 60 ಮೈಲಿ ವೇಗ ದಾಟಿದರೆ ಸ್ಟೇರಿಂಗ್ ಜುಮ್ ಅನ್ನುತ್ತದೆ. ಬ್ಯಾಲೆನ್ಸಿಂಗ್ ಮಾಡಿಸಬೇಕಾ? (ಹೆಂಡತಿಗೆ ತೋರಿಸಿದೆ. ಏನು ಬದಲಾಗಿದೆ ಅಂತ ಅವಳಿಗೆ ಗೊತ್ತೇ ಆಗಲಿಲ್ಲ.)

ಹಳೇ ಸ್ಪ್ಯಾನರ್:
ಬ್ಯಾಲೆನ್ಸಿಂಗ್ ಆಮೇಲೆ ನೋಡೋಣ. ಮೊದಲು ಒಂದು ನಟ್ ಬಿಚ್ಚಿ, ಮತ್ತೆ ಹಾಕುವಾಗ ಎಷ್ಟು ಸುತ್ತು ಹಿಡಿಯುತ್ತದೆ ಎಣಿಸಿ.

ಕೆಂಪು ಮಿಯಾಟಾ:
ಐದೂವರೆ ಸುತ್ತು.

ಹಳೇ ಸ್ಪ್ಯಾನರ್:
ಹಾಗಿದ್ದರೆ ಆ ಗಾಡಿ ಓಡಿಸಬೇಡಿ, ಇವತ್ತೇ ಬಿಚ್ಚಿ. ಸ್ಟಡ್ ದಪ್ಪ 12 ಎಂಎಂ. ಥ್ರೆಡ್ ಕಡೇಪಕ್ಷ ಅಷ್ಟಾದರೂ ಹಿಡಿದಿರಬೇಕು. ಒಂದು ಸುತ್ತಿಗೆ 1.5 ಎಂಎಂ, ಅಂದರೆ ಎಂಟು ಸುತ್ತು. ನಿಮ್ಮ ಬಿಲ್ಲೆ ಮೂರು ಸುತ್ತಿಗಿಂತ ಜಾಸ್ತಿ ತಿಂದಿದೆ.
ನಡುಕಕ್ಕೆ ಬಹುಶಃ ಬೇರೆ ಕಾರಣ. ಚಕ್ರ ಬಿಗಿಯುವ ಹಬ್‌ನ ಮಧ್ಯದಲ್ಲಿ 54.1 ಎಂಎಂ ಅಗಲದ ಅಂಚು ಎದ್ದಿರುತ್ತದಲ್ವಾ, ಚಕ್ರ ಕೂರುವುದು ಅದರ ಮೇಲೆ. ಸ್ಪೇಸರ್ ಅದನ್ನು ಮುಚ್ಚಿಬಿಟ್ಟರೆ ಚಕ್ರವನ್ನು ನಡುವಿಗೆ ತರುವ ಕೆಲಸ ನಾಲ್ಕು ನಟ್‌ಗಳ ಮೇಲೆ ಬೀಳುತ್ತದೆ. ಕೂದಲೆಳೆಯಷ್ಟು ಪಕ್ಕಕ್ಕೆ ಕೂತರೂ ವೇಗದಲ್ಲಿ ಗೊತ್ತಾಗುತ್ತದೆ.

ಕುಡ್ಲದವ:
ಸ್ಪೇಸರ್ ಬೇಕೇ ಬೇಕು ಅಂದರೆ ಉದ್ದದ ಸ್ಟಡ್ ಹಾಕಿಸಿ ಮಾರಾಯ್ರೆ. ಸ್ಪೇಸರಿಗೇ ಸ್ವಂತ ಅಂಚು ಇರುವಂಥದ್ದು ತಗೊಳ್ಳಿ. ಹಬ್ ಮುಖವನ್ನು ತಂತಿ ಬ್ರಷ್‌ನಿಂದ ಉಜ್ಜಿ, ಹಳೇ ಗಾಡಿಯಲ್ಲಿ ತುಕ್ಕು ಇದ್ದೇ ಇರುತ್ತದೆ. ಚಕ್ರ ನೆಲಕ್ಕೆ ತಾಗುವ ಮೊದಲೇ ನಟ್‌ಗಳನ್ನು ಎದುರುಬದುರಾಗಿ ಕೂರಿಸಿ. ಆಮೇಲೆ ಬಿಗಿತ ಅಳೆಯುವ ಟಾರ್ಕ್ ರೆಂಚಿನಲ್ಲಿ ಸುಮಾರು 100 ನ್ಯೂಟನ್ ಮೀಟರ್ ಸಾಕು. ನೂರು ಕಿಲೋಮೀಟರ್ ಓಡಿದ ಮೇಲೆ ಮತ್ತೊಮ್ಮೆ ನೋಡಿ. ಇಂಪ್ಯಾಕ್ಟ್ ಗನ್ ಮುಟ್ಟಲೇಬೇಡಿ.
ಇನ್ನೊಂದು ಮಾತು. ಚಕ್ರ ಹೊರಗೆ ಬಂದಷ್ಟೂ ಗುಂಡಿಯ ಹೊಡೆತ ಸ್ಟೇರಿಂಗಿಗೆ ಜಾಸ್ತಿ. ಅದು ಹೇಗೆ ಹೊರಗೆ ತಂದರೂ ಇದ್ದದ್ದೇ. ಆದರೂ ನನಗಾದರೆ ಸ್ಪೇಸರಿಗಿಂತ ಕಡಿಮೆ ಆಫ್‌ಸೆಟ್‌ನ, ಅಂದರೆ ತಾನಾಗಿಯೇ ಹೊರಗೆ ಕೂರುವ ಚಕ್ರವೇ ವಾಸಿ ಅನಿಸುತ್ತದೆ.

ಕೆಂಪು ಮಿಯಾಟಾ:
ಬಿಚ್ಚಿದೆ. ಎಡಗಡೆ ಮುಂದಿನ ಸ್ಪೇಸರ್ ಹಿಂದೆ ಅವಲಕ್ಕಿಯಂಥ ತುಕ್ಕಿನ ಚಕ್ಕೆ ಸಿಕ್ಕಿಕೊಂಡಿತ್ತು. ಹಬ್ ಉಜ್ಜಿ, ಸ್ಪೇಸರ್ ಇಲ್ಲದೆ ಚಕ್ರ ಹಾಕಿದೆ. ನಟ್ ಈಗ ಒಂಬತ್ತು ಸುತ್ತು ಹಿಡಿಯುತ್ತದೆ. 280 ಹೆದ್ದಾರಿಯಲ್ಲಿ 65 ಮೈಲಿ ವೇಗಕ್ಕೆ ಹೋಗಿ ಬಂದೆ, ಸ್ಟೇರಿಂಗ್ ತೆಪ್ಪಗಿದೆ. ಉದ್ದದ ಸ್ಟಡ್ ಬರುವ ತನಕ ನಾಲ್ಕೂ ಬಿಲ್ಲೆ ಗ್ಯಾರೇಜಿನ ಮೊಳೆಗೆ ನೇತುಹಾಕಿದ್ದೇನೆ. ಹೆಂಡತಿಗೆ ಈ ಸಲವೂ ಏನೂ ವ್ಯತ್ಯಾಸ ಕಾಣಲಿಲ್ಲ.