ಮೊದಲ ಕಾದಂಬರಿ: ಒಪ್ಪಂದಕ್ಕೆ ಸಹಿ ಹಾಕುವ ಮುನ್ನ ಏನೇನು ನೋಡಬೇಕು?

ಹೊಸಪುಟ:
40 ಸಾವಿರ ಪದಗಳ ಕಾದಂಬರಿಯನ್ನು ಪ್ರಕಾಶಕರು ಒಪ್ಪಿದ್ದಾರೆ. ಒಪ್ಪಂದ ಒಂದೇ ಪುಟ: ಎಲ್ಲ ಹಕ್ಕು ಅವರದು, ಗೌರವಧನದ ಬದಲು 25 ಪ್ರತಿ. ಡಿಟಿಪಿಯಿಂದ (ಕಂಪ್ಯೂಟರಿನ ಅಕ್ಷರಜೋಡಣೆ) ಬಂದ ಕರಡಿನ ತುಂಬ ತಪ್ಪು. ಮುಂದುವರಿಯಬಹುದೆ? ಬರವಣಿಗೆಯನ್ನೇ ನಂಬಿ ಬದುಕಬಹುದೆ?

ಕರಾರುಪತ್ರ:
ಈಗಿರುವ ಹಾಗೆ ಸಹಿ ಬೇಡ. 'ಎಲ್ಲ ಹಕ್ಕು' ಅಂದರೆ ಇ-ಬುಕ್, ಆಡಿಯೊ, ಅನುವಾದ, ಸಿನಿಮಾ ಎಲ್ಲವೂ ಹೋದ ಹಾಗೆ. ಅದನ್ನು ಹೊಡೆದು 'ಕನ್ನಡ ಮುದ್ರಿತ ಪುಸ್ತಕ, ಮೊದಲ ಮುದ್ರಣ, ಇಷ್ಟು ಪ್ರತಿ' ಎಂದು ಬರೆಸಿ. 1957ರ ಕೃತಿಸ್ವಾಮ್ಯ ಕಾಯ್ದೆಯ 19ನೇ ಸೆಕ್ಷನ್ ಓದಿಕೊಳ್ಳಿ: ಅವಧಿ ಹೇಳದಿದ್ದರೆ 5 ವರ್ಷ, ಪ್ರದೇಶ ಹೇಳದಿದ್ದರೆ ಭಾರತ ಮಾತ್ರ. ಪ್ರಕಾಶಕರು ಒಂದು ವರ್ಷದೊಳಗೆ ಬಳಸದ ಹಕ್ಕು, ಒಪ್ಪಂದದಲ್ಲಿ ಬೇರೆ ಮಾತಿಲ್ಲದಿದ್ದರೆ, ಅವರ ಕೈತಪ್ಪಿ ತಾನಾಗಿ ನಿಮಗೆ ಮರಳುತ್ತದೆ. ಹಾಗಾಗಿ 'ಶಾಶ್ವತವಾಗಿ' ಅನ್ನೋ ಪದ ಕಂಡಲ್ಲಿ ಪೆನ್ನು ಕೆಳಗಿಡಿ.

ಅರ್ಕಾವತ್ತು:
ಕರಡಿನ ತಪ್ಪುಗಳಿಗೆ ಬಹುಪಾಲು ಕಾರಣ ಫೈಲನ್ನು 'ನುಡಿ' ತಂತ್ರಾಂಶದ ಹಳೆಯ ಫಾಂಟಿನಿಂದ ಯೂನಿಕೋಡಿಗೆ (ಎಲ್ಲ ಕಂಪ್ಯೂಟರ್, ಫೋನುಗಳಲ್ಲೂ ನಡೆಯುವ ಅಕ್ಷರಸಂಕೇತ) ಬದಲಿಸಿದ್ದು ಇರಬೇಕು. ಅರ್ಕಾವತ್ತಿನ ಬದಲು ಕನ್ನಡದ ಒಂಬತ್ತು ಕೂತಿರುತ್ತದೆ: 'ಕರ್ನಾಟಕ' ಹೋಗಿ 'ಕನಾ೯ಟಕ'. ಸೊನ್ನೆಯದೂ ಇದೇ ಕಥೆ, ಅನುಸ್ವಾರದ ಜಾಗದಲ್ಲಿ ಅಂಕಿ ಕೂತಿರುತ್ತದೆ. ಕಣ್ಣಿಗೆ ಸರಿ ಕಂಡರೂ ಇ-ಬುಕ್ಕಿನಲ್ಲಿ ಹುಡುಕಿದರೆ ಪದ ಸಿಗದು. ೯ ಮತ್ತು ೦ ಎರಡನ್ನೂ ಫೈಲಿನಲ್ಲಿ ಹುಡುಕಿ, ಒಂದೊಂದಾಗಿ ತಿದ್ದಿ. ಒಟ್ಟಿಗೆ ಬದಲಿಸಿದರೆ ನಿಜವಾದ ಅಂಕಿಗಳೂ ಕೆಡುತ್ತವೆ.

ಇನ್ನೊಂದು: ಸಂಭಾಷಣೆ. ಧಾರವಾಡದ ಪಾತ್ರ 'ಹೊಂಟೀನ್ರೀ' ಅಂದದ್ದನ್ನು ಕರಡು ತಿದ್ದುವವರು 'ಹೊರಟಿದ್ದೇನೆ' ಮಾಡಿಬಿಟ್ಟರೆ ಆ ಪಾತ್ರ ಅಲ್ಲಿಗೇ ಸತ್ತ ಹಾಗೆ. ಉಳಿಸಲೇಬೇಕಾದ ರೂಪಗಳನ್ನು ಒಂದು ಹಾಳೆಯಲ್ಲಿ ಬರೆದು ಕರಡಿನ ಜೊತೆಗೇ ಕೊಡಿ. ಮೂರು ಕರಡು ಕೇಳಿ, ಕೊನೆಯದನ್ನು ಕಾಗದದ ಮೇಲೆ ಗಟ್ಟಿಯಾಗಿ ಓದಿ.

ಡೆಮಿಅಷ್ಟ:
ದುಡ್ಡಿನ ಲೆಕ್ಕ. ಡೆಮಿ 1/8 ಅಳತೆಯ ಪುಸ್ತಕದಲ್ಲಿ ಪುಟಕ್ಕೆ 210 ಪದ ಹಿಡಿದರೆ ನಿಮ್ಮದು ಸುಮಾರು 190 ಪುಟ, ಅಂದರೆ 16 ಪುಟದ 12 ಫಾರಂ (ಒಟ್ಟಿಗೆ ಅಚ್ಚಾಗುವ ಪುಟಗಳ ಕಂತೆ). ಬೆಲೆ ₹200, ಗೌರವಧನ ಶೇ 10 ಎಂದುಕೊಳ್ಳಿ. 500 ಪ್ರತಿ ಮಾರಿದರೆ ಕೈಗೆ ₹10,000. ಇದರಲ್ಲಿ ಮನೆ ಬಾಡಿಗೆ ಏಳದು, ಕೆಲಸ ಬಿಡಬೇಡಿ. 25 ಪ್ರತಿಗಳ ಮುಖಬೆಲೆ ₹5,000 ಮಾತ್ರ, ಅದೂ ನೀವೇ ಮಾರಿಕೊಂಡರೆ! ಗ್ರಂಥಾಲಯ ಇಲಾಖೆಗೆ ಹೋಗುವ ಪ್ರತಿಗಳೂ ಗೌರವಧನದ ಲೆಕ್ಕಕ್ಕೆ ಸೇರುತ್ತವೆ ಎಂದು ಬರೆಸಿ, ಜಗಳ ಏಳುವುದು ಅಲ್ಲೇ.

ಕನ್ನಡ ಪುಸ್ತಕ ಪ್ರಾಧಿಕಾರ ಯುವ ಬರಹಗಾರರ ಚೊಚ್ಚಲ ಕೃತಿಗೆ ಪ್ರೋತ್ಸಾಹಧನ ಕೊಡುತ್ತದೆ. ಅವರು ಕೇಳುವುದು ಹಸ್ತಪ್ರತಿ, ಆದ್ದರಿಂದ ಮುದ್ರಣಕ್ಕೆ ಮುಂಚೆಯೇ ಅವರ ಅರ್ಜಿ ಕರೆಯುವ ಪ್ರಕಟಣೆ ನೋಡಿಕೊಳ್ಳಿ.

ಹೊಸಪುಟ:
ಮಾತುಕತೆಗೆ ಕೂತರೆ ಪ್ರಕಾಶಕರು ಕೈಬಿಟ್ಟಾರು ಅಂತ ಭಯ.

ಕರಾರುಪತ್ರ:
ಶೇ 10 ಕೇಳಿದ್ದಕ್ಕೆ ಬಿಡುವವರು ಎರಡನೇ ಮುದ್ರಣದ ಲೆಕ್ಕವನ್ನೂ ಕೊಡಲಾರರು. ಹಣದಲ್ಲಿ ಬಗ್ಗಿ, ಆಡಿಯೊ ಮತ್ತು ಅನುವಾದದ ಹಕ್ಕಿನಲ್ಲಿ ಬಗ್ಗಬೇಡಿ. ಮೂರನೇ ವರ್ಷ ಅಪರಿಚಿತ ಅನುವಾದಕರೊಬ್ಬರ ಮೇಲ್ ಬಂದಾಗ ಉತ್ತರ ಕೊಡುವ ಅಧಿಕಾರ ನಿಮ್ಮ ಹತ್ತಿರವೇ ಇರಬೇಕು.